ಬಾಡಿಗೆ ಗಂಟೆಯ ಸಂಗೀತ

1980ರ ಆಸುಪಾಸಿನ ನ್ಯೂಯಾರ್ಕ್. ನಡುರಾತ್ರಿ ಕಳೆದಿದೆ. ರೇಡಿಯೋದ ಮುಳ್ಳನ್ನು ಬಲಕ್ಕೆ ತಿರುಗಿಸುತ್ತ ಹೋಗಿ 105.9ರ ಹತ್ತಿರ ನಿಲ್ಲಿಸಿದರೆ ಡಬ್ಲ್ಯುಎಚ್‌ಬಿಐ ಎಂಬ ಸ್ಟೇಷನ್ ಸಿಗುತ್ತದೆ. ಅದರ ಪರವಾನಗಿ ಹೊಳೆಯಾಚೆಯ ನ್ಯೂಜೆರ್ಸಿಯ ನ್ಯೂವಾರ್ಕ್ ಊರಿನದು, ಅದನ್ನು ಕೇಳುವವರು ಮಾತ್ರ ನ್ಯೂಯಾರ್ಕಿನವರು. ಈ ಸ್ಟೇಷನ್ನಿಗೆ ತನ್ನದು ಅಂತ ಸಂಗೀತವಿಲ್ಲ, ಅಭಿರುಚಿಯೂ ಇಲ್ಲ. ಅದು ಮಾರುವುದು ಗಂಟೆಗಳನ್ನು. ದುಡ್ಡು ಕೊಟ್ಟವರಿಗೆ ಮೈಕು. ವಲಸೆ ಬಂದವರು ತಮ್ಮ ಭಾಷೆಯಲ್ಲಿ ತವರಿನ ಸುದ್ದಿ ಹೇಳಿಕೊಳ್ಳುತ್ತಾರೆ, ಪ್ರಾರ್ಥನೆ ಮಾಡುವವರು ಪ್ರಾರ್ಥನೆ ಮಾಡುತ್ತಾರೆ. ಅವರೆಲ್ಲ ಎದ್ದುಹೋದ ಮೇಲೆ, ಯಾರಿಗೂ ಬೇಡವಾದ ಹೊತ್ತಿನಲ್ಲಿ, ಒಂದು ದಪ್ಪ ಗಂಟಲು ಕೇಳಿಸುತ್ತದೆ. ಹೆಸರು ಜಾನ್ ರಿವಾಸ್. ರೇಡಿಯೋದಲ್ಲಿ ಇಟ್ಟುಕೊಂಡ ಹೆಸರು ಮಿಸ್ಟರ್ ಮ್ಯಾಜಿಕ್.

ಮ್ಯಾಜಿಕ್ ತೆರುತ್ತಿದ್ದ ಬಾಡಿಗೆ ಗಂಟೆಗೆ 75 ಡಾಲರ್. ಇಂಥ ಸ್ಟೇಷನ್ನುಗಳ ಪದ್ಧತಿಯೇ ಹಾಗೆ. ಗಂಟೆ ಕೊಂಡವನೇ ಜಾಹೀರಾತು ಹುಡುಕಿಕೊಳ್ಳಬೇಕು, ಲಾಭ ಬಂದರೆ ಅವನದು, ಮುಳುಗಿದರೂ ಅವನದೇ. ಅಂಥ ಗಂಟೆಯಲ್ಲಿ ಕೂತು ಈತ ಹಾಕುತ್ತಿದ್ದದ್ದು ನಗರದ ಬೇರೆ ಸ್ಟೇಷನ್ನುಗಳು ಹಾಕಲು ಹಿಂಜರಿಯುತ್ತಿದ್ದ, ತಾಳಕ್ಕೆ ಪ್ರಾಸದ ಮಾತು ಹೆಣೆಯುವ ರ‍್ಯಾಪ್ ರೆಕಾರ್ಡುಗಳನ್ನು. ಈ ಹಾಡುಗಳ ಹಿಪ್‌ಹಾಪ್ ಸಂಗೀತ ಅಮೆರಿಕದ ರೇಡಿಯೋ ಮನೆಯೊಳಗೆ ಬಾಡಿಗೆದಾರನಾಗಿ ಕಾಲಿಟ್ಟದ್ದು ಹೀಗೆ. ಬನ್ನಿ ಎಂದು ಯಾರೂ ಕರೆದಿರಲಿಲ್ಲ.

ಅಷ್ಟು ಹೊತ್ತಿಗೆ ಆ ಸಂಗೀತಕ್ಕೆ ಏಳೆಂಟು ವರ್ಷ ವಯಸ್ಸು. 1973ರ ಆಗಸ್ಟ್ 11ರಂದು ಬ್ರಾಂಕ್ಸ್‌ನ 1520 ಸೆಡ್ಜ್‌ವಿಕ್ ಅವೆನ್ಯೂ ಎಂಬ ವಠಾರದಂಥ ಕಟ್ಟಡದಲ್ಲಿ ಜಮೈಕಾದಿಂದ ಬಂದ ಕೂಲ್ ಹರ್ಕ್ ತಂಗಿಗಾಗಿ ನಡೆಸಿಕೊಟ್ಟ ಪಾರ್ಟಿಯನ್ನು ಹಿಪ್‌ಹಾಪಿನ ಹುಟ್ಟುಹಬ್ಬವೆಂದು ಈಗ ಆಚರಿಸುತ್ತಾರೆ. ಹಾಡಿನಲ್ಲಿ ಡ್ರಮ್ಮು ಒಂಟಿಯಾಗಿ ಬಡಿಯುವ ತುಣುಕೇ ಜನರನ್ನು ಕುಣಿಸುವುದು ಎಂದು ಕಂಡುಕೊಂಡ ಹರ್ಕ್, ಒಂದೇ ರೆಕಾರ್ಡಿನ ಎರಡು ಪ್ರತಿ ಇಟ್ಟುಕೊಂಡು ಆ ತುಣುಕನ್ನು ಹಿಂದೆ ಮುಂದೆ ಎಳೆದು ಹಿಗ್ಗಿಸುತ್ತಿದ್ದ. ಉದ್ಯಾನಗಳಲ್ಲಿ, ಶಾಲೆಯ ಅಂಗಳಗಳಲ್ಲಿ, ಬೀದಿದೀಪದ ಕಂಬದಿಂದ ಕರೆಂಟು ಎಳೆದುಕೊಂಡು ನಡೆಯುತ್ತಿದ್ದ ಕೂಟಗಳ ಸಂಗೀತ ಅದು. ಅಲ್ಲಿದ್ದವರಿಗೆ ಮಾತ್ರ ದಕ್ಕುತ್ತಿತ್ತು. ಇಲ್ಲದವರಿಗೆ ಕೈಯಿಂದ ಕೈಗೆ ದಾಟಿ ಬಂದ, ಸದ್ದು ಮಸುಕಾದ ಕ್ಯಾಸೆಟ್ಟೇ ಗತಿ. ಇದನ್ನು ರೆಕಾರ್ಡ್ ಮಾಡಿ ಮಾರಬಹುದೆಂದು ಹಾಡುವವರಿಗೇ ಅನ್ನಿಸಿರಲಿಲ್ಲ.

ಅನ್ನಿಸಿದ್ದು ನ್ಯೂಜೆರ್ಸಿಯ ಎಂಗಲ್‌ವುಡ್‌ನ ಸಿಲ್ವಿಯಾ ರಾಬಿನ್‌ಸನ್‌ಗೆ. ಸ್ವತಃ ಗಾಯಕಿಯಾಗಿದ್ದ ಆಕೆ ಮೂವರು ಹುಡುಗರನ್ನು ಹಿಡಿದು ತಂದು, ಶುಗರ್‌ಹಿಲ್ ಗ್ಯಾಂಗ್ ಎಂದು ಹೆಸರಿಟ್ಟು, 1979ರಲ್ಲಿ ‘ರ‍್ಯಾಪರ್ಸ್ ಡಿಲೈಟ್’ ಹೊರತಂದಳು. ದೊಡ್ಡ ತಟ್ಟೆಯ ರೆಕಾರ್ಡಿನಲ್ಲಿ ಅದರ ಉದ್ದ ಹದಿನಾಲ್ಕೂವರೆ ನಿಮಿಷ. ರೇಡಿಯೋದ ಲೆಕ್ಕದಲ್ಲಿ ಇದು ಹುಚ್ಚು. ಮೂರು ಮೂರೂವರೆ ನಿಮಿಷಕ್ಕೊಂದು ಹಾಡು, ನಡುವೆ ಜಾಹೀರಾತು ಎನ್ನುವುದೇ ಆ ಧಂದೆಯ ಜೀವಾಳವಾಗಿರುವಾಗ ಕಾಲು ಗಂಟೆಯನ್ನು ಒಂದೇ ಹಾಡಿಗೆ ಕೊಡುವವರು ಯಾರು? ಮೊದಲು ಕೊಟ್ಟದ್ದು ಸೇಂಟ್ ಲೂಯಿ ಊರಿನ ಸೆರಗಿನಲ್ಲಿದ್ದ ಡಬ್ಲ್ಯುಇಎಸ್‌ಎಲ್ ಎಂಬ ಸಣ್ಣ ಸ್ಟೇಷನ್ ಎನ್ನುತ್ತಾರೆ. ಹಾಕಿದ ಮೇಲೆ ಕೇಳುಗರು ಬಿಡಲಿಲ್ಲ, ಮತ್ತೆ ಹಾಕಿ ಎಂದರು. ಒಂದು ಊರಿನಿಂದ ಇನ್ನೊಂದು ಊರಿನ ಸ್ಟೇಷನ್ನಿಗೆ ಹಬ್ಬಿದ ಹಾಡು ಬಿಲ್‌ಬೋರ್ಡ್‌ನ ನೂರು ಹಾಡುಗಳ ಪಟ್ಟಿಯಲ್ಲಿ 36ನೇ ಸ್ಥಾನದವರೆಗೆ ಏರಿತು. ಬ್ರಾಂಕ್ಸ್‌ನ ಹಳಬರಿಗೆ ಸಿಟ್ಟು ಬಂದದ್ದು ಸಹಜ. ತಾವು ಬೀದಿಯಲ್ಲಿ ಬೆಳೆಸಿದ್ದನ್ನು ಹೊಳೆಯಾಚೆಯ ಅಪರಿಚಿತ ಹುಡುಗರು ರೇಡಿಯೋದಲ್ಲಿ ಹಾಡುತ್ತಿದ್ದರು.

ನಮ್ಮ ಹಿರಿಯರಿಗೆ ಇದರಲ್ಲಿ ಒಂದು ಗುರುತು ಸಿಕ್ಕೀತು. ಆಕಾಶವಾಣಿ ಸಿನಿಮಾ ಹಾಡುಗಳನ್ನು ಮೂಗು ಮುರಿದು ದೂರವಿಟ್ಟಿದ್ದ ಐವತ್ತರ ದಶಕದಲ್ಲಿ ಅವನ್ನು ಮನೆಮನೆಗೆ ತಂದದ್ದು ಟೂತ್‌ಪೇಸ್ಟ್ ಕಂಪನಿಯ ದುಡ್ಡಿನಲ್ಲಿ ನಡೆಯುತ್ತಿದ್ದ ರೇಡಿಯೋ ಸಿಲೋನ್‌ನ ಬಿನಾಕಾ ಗೀತಮಾಲಾ. ಮರ್ಯಾದಸ್ಥರು ಬೇಡವೆಂದದ್ದನ್ನು ವ್ಯಾಪಾರಿ ಎತ್ತಿಕೊಳ್ಳುತ್ತಾನೆ. ಪ್ರೀತಿಯಿಂದಲೇ ಎತ್ತಿಕೊಳ್ಳುತ್ತಾನೆ ಎಂದೇನೂ ಅಲ್ಲ.

ನ್ಯೂಯಾರ್ಕಿನಲ್ಲಿ ಹಾಗೆ ಎತ್ತಿಕೊಂಡದ್ದು 107.5ರ ಡಬ್ಲ್ಯುಬಿಎಲ್‌ಎಸ್. ಕರಿಯರ ಒಡೆತನದ, ನಗರದ ಅತಿ ಠೀವಿಯ ಸ್ಟೇಷನ್ ಅದು. ಅದರ ಕಾರ್ಯಕ್ರಮಗಳ ಯಜಮಾನ ಫ್ರ್ಯಾಂಕಿ ಕ್ರಾಕರ್. ಬಿಳಿ ಕುದುರೆಯೇರಿ ಸ್ಟುಡಿಯೋ 54 ಎಂಬ ನೈಟ್‌ಕ್ಲಬ್ಬಿಗೆ ಹೋದನೆಂಬ ಕಥೆ ಇರುವ ಆಸಾಮಿ. ನಯವಾದ ದನಿ, ನಯವಾದ ಸಂಗೀತ, ನಯವಾದ ಕೇಳುಗರು ಅವನಿಗೆ ಬೇಕು. ‘ಅರ್ಬನ್ ಕಂಟೆಂಪರರಿ’ ಎಂಬ ಹೆಸರನ್ನು ಚಾಲ್ತಿಗೆ ತಂದವನೂ ಅವನೇ. ಕರಿಯರ ಸಂಗೀತವನ್ನು ಕರಿಯರದ್ದೆಂದು ಬಾಯಿಬಿಟ್ಟು ಹೇಳದೆ ಜಾಹೀರಾತುದಾರನಿಗೆ ಮಾರಲು ಆ ಹೆಸರು ಅನುಕೂಲವಾಗಿತ್ತು. ಅಂಥವನು 1982ರಲ್ಲಿ ಮ್ಯಾಜಿಕ್‌ನನ್ನು ಕರೆದು ವಾರಾಂತ್ಯದ ರಾತ್ರಿ ಕೊಟ್ಟ. ಕಾರ್ಯಕ್ರಮದ ಹೆಸರು ‘ರ‍್ಯಾಪ್ ಅಟ್ಯಾಕ್’. ದೊಡ್ಡ ವಾಣಿಜ್ಯ ಸ್ಟೇಷನ್ನೊಂದರಲ್ಲಿ ರ‍್ಯಾಪ್‌ಗೆಂದೇ ಮೀಸಲಾದ ಮೊದಲ ಕಾರ್ಯಕ್ರಮ ಅದು. ಅದೇ ವರ್ಷ ಹೂಡಿನಿ ತಂಡ ಮ್ಯಾಜಿಕ್‌ನ ಮೇಲೆಯೇ ‘ಮ್ಯಾಜಿಕ್ಸ್ ವಾಂಡ್’ ಎಂಬ ಹಾಡು ಕಟ್ಟಿತು. ಮೈಕಿನ ಹಿಂದೆ ಕೂತವನೇ ಹಾಡಿನ ವಸ್ತುವಾಗುವಷ್ಟು ಬೇಗ ಅವನ ಹೆಸರು ಮೇಲೆದ್ದಿತ್ತು.

ಈಗ ಕೇಳುವವರ ಮನೆಗೆ ಹೋಗೋಣ. ಶನಿವಾರ ರಾತ್ರಿ, ಕ್ವೀನ್ಸ್‌ನದೋ ಬ್ರೂಕ್ಲಿನ್‌ನದೋ ಒಂದು ಫ್ಲ್ಯಾಟು. ಟೇಪ್ ರೆಕಾರ್ಡರಿನ ಮುಂದೆ ಹನ್ನೆರಡು ಹದಿಮೂರರ ಹುಡುಗ ಮಂಡಿಯೂರಿ ಕೂತಿದ್ದಾನೆ. ತೊಂಬತ್ತು ನಿಮಿಷದ ಕ್ಯಾಸೆಟ್ಟು, ಒಂದು ಬದಿಗೆ ನಲವತ್ತೈದು. ಪ್ಲೇ ಮತ್ತು ಕೆಂಪು ಚುಕ್ಕೆಯ ರೆಕಾರ್ಡ್ ಗುಂಡಿ ಎರಡನ್ನೂ ಒಟ್ಟಿಗೆ ಒತ್ತಿ ಪಾಸ್ ಗುಂಡಿಯ ಮೇಲೆ ಹೆಬ್ಬೆರಳು ಇಟ್ಟುಕೊಂಡಿದ್ದಾನೆ. ಹಾಡು ಶುರುವಾದೊಡನೆ ಹೆಬ್ಬೆರಳು ಏಳಬೇಕು, ಜಾಹೀರಾತು ಬಂದೊಡನೆ ಇಳಿಯಬೇಕು. ಅರೆಕ್ಷಣ ತಡವಾದರೆ ಹಾಡಿನ ಮೊದಲ ಸಾಲು ಹೋಯಿತು, ಅರೆಕ್ಷಣ ಮೊದಲಾದರೆ ಯಾವುದೋ ಅಂಗಡಿಯ ರಿಯಾಯಿತಿ ಮಾರಾಟ ಕ್ಯಾಸೆಟ್ಟಿನಲ್ಲಿ ಶಾಶ್ವತವಾಗಿ ಉಳಿಯಿತು. ಸೋಮವಾರ ಶಾಲೆಯಲ್ಲಿ ಆ ಕ್ಯಾಸೆಟ್ಟಿಗೆ ಪ್ರತಿಗಳಾಗುತ್ತವೆ. ಪ್ರತಿಯ ಪ್ರತಿ ಅಂಚೆಯಲ್ಲಿ ದಕ್ಷಿಣದ ಊರಿನ ಚಿಕ್ಕಪ್ಪನ ಮಕ್ಕಳಿಗೆ ಹೋಗುತ್ತದೆ. ಸ್ಟೇಷನ್ನಿನ ಅಲೆ ನಗರದ ಸುತ್ತ ಮುತ್ತ ನಿಂತುಬಿಟ್ಟರೂ ಕ್ಯಾಸೆಟ್ಟು ನಿಲ್ಲುತ್ತಿರಲಿಲ್ಲ. ಬ್ರೂಕ್ಲಿನ್‌ನ ಅಂಥ ಒಬ್ಬ ಹುಡುಗ ಮುಂದೆ ನಟೋರಿಯಸ್ ಬಿಐಜಿ ಎಂದು ಹೆಸರಾಗಿ, 1994ರ ‘ಜ್ಯೂಸಿ’ಯಲ್ಲಿ ಶನಿವಾರದ ರ‍್ಯಾಪ್ ಅಟ್ಯಾಕನ್ನೂ ಮ್ಯಾಜಿಕ್‌ನನ್ನೂ ಅವನ ಜೊತೆಗಾರ ಮಾರ್ಲಿ ಮಾರ್ಲ್‌ನನ್ನೂ ಹೆಸರೆತ್ತಿ ನೆನೆದ.

ಮಾರ್ಲಿ ಮಾರ್ಲ್ ಕಾರ್ಯಕ್ರಮದ ಟರ್ನ್‌ಟೇಬಲ್ ನೋಡಿಕೊಳ್ಳುತ್ತಿದ್ದವನು. ಕ್ವೀನ್ಸ್‌ಬ್ರಿಜ್ ಎಂಬ ಸರ್ಕಾರಿ ವಸತಿ ಸಮುಚ್ಚಯದ ಫ್ಲ್ಯಾಟಿನಲ್ಲಿ ಅವನದೊಂದು ಪುಟ್ಟ ಸ್ಟುಡಿಯೋ. ರೇಡಿಯೋ ಎಂಬುದು ಹಾಡು ಹಾಕುವ ಜಾಗವಾಗಿದ್ದದ್ದು ಹಾಡು ಹುಟ್ಟಿಸುವ ಜಾಗವೂ ಆದದ್ದು ಇಲ್ಲೇ. 1984ರಲ್ಲಿ ಯುಟಿಎಫ್‌ಒ ತಂಡದ ‘ರಾಕ್ಸಾನ್, ರಾಕ್ಸಾನ್’ ರೇಡಿಯೋದಲ್ಲಿ ಓಡುತ್ತಿತ್ತು. ತಮಗೆ ಒಲಿಯದ ಹುಡುಗಿಯನ್ನು ಹಂಗಿಸುವ ಹಾಡು. ಆ ತಂಡ ಮ್ಯಾಜಿಕ್‌ಗೆ ಒಪ್ಪಿಕೊಂಡಿದ್ದ ಪ್ರದರ್ಶನವೊಂದಕ್ಕೆ ಬರದೆ ಕೈಕೊಟ್ಟಿತು. ಕ್ವೀನ್ಸ್‌ಬ್ರಿಜ್‌ನ ಕಟ್ಟಡದ ಹೊರಗೆ ನಿಂತು ಮ್ಯಾಜಿಕ್, ಮಾರ್ಲಿ ಇಬ್ಬರೂ ಗೊಣಗುತ್ತಿದ್ದಾಗ ಬಟ್ಟೆ ಒಗೆಯಲು ಹೊರಟಿದ್ದ ಹದಿನಾಲ್ಕರ ಹುಡುಗಿಯೊಬ್ಬಳು ಅದನ್ನು ಕೇಳಿಸಿಕೊಂಡು, ಅವರಿಗೆ ನಾನು ಉತ್ತರ ಕೊಡುತ್ತೇನೆ ಎಂದಳು. ಬಟ್ಟೆಯ ಗಂಟನ್ನು ಬದಿಗಿಟ್ಟು ಮಾರ್ಲಿಯ ಫ್ಲ್ಯಾಟಿಗೆ ಹೋಗಿ ಬರೆದುಕೊಳ್ಳದೆಯೇ ಒಂದೇ ಉಸಿರಿಗೆ ಹಾಡಿಬಿಟ್ಟಳು. ಅದೇ ‘ರಾಕ್ಸಾನ್ಸ್ ರಿವೆಂಜ್’, ಆಕೆ ರಾಕ್ಸಾನ್ ಶಾಂಟೆ. ಮ್ಯಾಜಿಕ್ ಅದನ್ನು ಪ್ರಸಾರ ಮಾಡಿದ, ನಗರ ಹುಚ್ಚೆದ್ದಿತು. ಆಮೇಲೆ ಉತ್ತರಕ್ಕೆ ಉತ್ತರ, ಅದಕ್ಕೊಂದು ಮರು ಉತ್ತರ ಎಂದು ರಾಕ್ಸಾನಳ ಅಪ್ಪ ಅಮ್ಮನ ಹೆಸರಿನಲ್ಲೂ ರೆಕಾರ್ಡುಗಳು ಬಂದವು. ಕೆಲವು ಕೇಳಲಾಗದಷ್ಟು ಕೆಟ್ಟವು. ಆದರೆ ಸವಾಲು ಹಾಕಿದವರಿಗೆ ಅದೇ ವಾರ ಎದುರೇಟು ಕೊಡುವ ಈ ವೇಗ, ನಮ್ಮ ಲಾವಣಿಯ ಹರದೇಶಿ ನಾಗೇಶಿಯವರಿಗೆ ಮೆಚ್ಚುಗೆಯಾಗಬಹುದಾಗಿದ್ದ ಈ ಜಗಳ, ರೇಡಿಯೋ ಇಲ್ಲದಿದ್ದರೆ ಸಾಧ್ಯವಿರಲಿಲ್ಲ.

ಎದುರಾಳಿ ಸ್ಟೇಷನ್ ಸುಮ್ಮನೆ ಕೂರುತ್ತದೆಯೇ? 98.7ರ ಕಿಸ್ ಎಫ್‌ಎಂ 1983ರಲ್ಲಿ ಕೂಲ್ ಡಿಜೆ ರೆಡ್ ಅಲರ್ಟ್‌ನನ್ನು ಕರೆತಂದು ಪೈಪೋಟಿಗಿಳಿಸಿತು. ಮಕ್ಕಳಿಗೆ ಈಗ ಹೊಸ ತಾಪತ್ರಯ, ಒಂದೇ ರಾತ್ರಿ ಎರಡು ಕಡೆ ಹಾಡು, ಇರುವುದು ಒಂದೇ ಟೇಪು. ಬ್ರಾಂಕ್ಸ್‌ನ ಕೆಆರ್‌ಎಸ್-ಒನ್ ಮತ್ತು ಸ್ಕಾಟ್ ಲಾ ರಾಕ್ ತಂದ ಹಾಡನ್ನು ಮ್ಯಾಜಿಕ್ ತಳ್ಳಿಹಾಕಿದನೆಂಬುದು ಆ ಕಾಲದ ಪ್ರಸಿದ್ಧ ಕಥೆ. ಅವರು 1986ರಲ್ಲಿ ‘ಸೌತ್ ಬ್ರಾಂಕ್ಸ್’, ಮರುವರ್ಷ ‘ದಿ ಬ್ರಿಜ್ ಈಸ್ ಓವರ್’ ಕಟ್ಟಿ ಮ್ಯಾಜಿಕ್‌ನ ಬಳಗವನ್ನು ಜಾಡಿಸಿದರು, ರೆಡ್ ಅಲರ್ಟ್ ಅವನ್ನು ಖುಷಿಯಿಂದ ಹಾಕಿದ. ಬೀದಿಯವರು ಅದನ್ನು ಕೇರಿಗೆ ಕೇರಿಯ ಹೋರಾಟವೆಂದುಕೊಂಡರು. ಸ್ಟೇಷನ್ನಿನ ಲೆಕ್ಕಪತ್ರದವರ ಕಣ್ಣಿಗೆ ಬಿದ್ದದ್ದು ಇಷ್ಟೇ: ಜಗಳ ನಡೆಯುವಷ್ಟು ದಿನ ಯಾರೂ ರೇಡಿಯೋ ಆರಿಸುವುದಿಲ್ಲ.

ಫಿಲಡೆಲ್ಫಿಯಾದಲ್ಲಿ ಇದೇ ಕೆಲಸವನ್ನು ಲೇಡಿ ಬಿ ಎಂಬ ಹೆಣ್ಣುಮಗಳು ಮಾಡಿದಳು. ಮೊದಲು ಒಂದು ಎಎಂ ಸ್ಟೇಷನ್ನಿನಲ್ಲಿ, 1984ರಿಂದ ಪವರ್ 99 ಎಫ್‌ಎಂನಲ್ಲಿ. ಅವಳ ಹೆಸರು ಇತಿಹಾಸ ಹೇಳುವವರ ಬಾಯಲ್ಲಿ ಬರಬೇಕಾದಷ್ಟು ಬರುವುದಿಲ್ಲ.

ಆದರೆ ಇವೆಲ್ಲವೂ ವಾರಾಂತ್ಯದ ರಾತ್ರಿಗಳು. ಹಗಲು ರಾತ್ರಿ ರ‍್ಯಾಪ್‌ನ್ನೇ ನೆಚ್ಚಿಕೊಂಡ ಮೊದಲ ಸ್ಟೇಷನ್ ನೋಡಲು ದೇಶದ ಇನ್ನೊಂದು ತುದಿಗೆ ಹೋಗಬೇಕು. ಲಾಸ್ ಏಂಜಲೀಸ್‌ನ ಎಕೋ ಪಾರ್ಕ್ ಹತ್ತಿರದ ಗುಡ್ಡದ ಮೇಲೆ ಆರು ಗೋಪುರಗಳು, ಕೆಳಗೆ ಸ್ಟುಡಿಯೋ. 1580 ಎಎಂ, ಹೆಸರು ಕೆ-ಡೇ. ಆ ಹೊತ್ತಿಗೆ ಸಂಗೀತದ ಕೇಳುಗರೆಲ್ಲ ಎಎಂ ಬಿಟ್ಟು ಎಫ್‌ಎಂಗೆ ಗುಳೆ ಹೋಗಿಯಾಗಿತ್ತು. ಎಎಂನಲ್ಲಿ ಎಫ್‌ಎಂನ ಸೊಗಸಿಲ್ಲ, ಸೇತುವೆಯ ಕೆಳಗೆ ಹೋದರೆ ಕರಕರ. ಕಳೆದುಕೊಳ್ಳಲು ಏನೂ ಇಲ್ಲದವನಷ್ಟೇ ಇಂಥ ಜೂಜು ಆಡುತ್ತಾನೆ. 1983ರಲ್ಲಿ ಟೆಕ್ಸಾಸ್‌ನಿಂದ ಬಂದ ಗ್ರೆಗ್ ಮ್ಯಾಕ್ ಸೌತ್ ಸೆಂಟ್ರಲ್ ಬಡಾವಣೆಯಲ್ಲಿ ಮನೆ ಮಾಡಿದ. ಕಿಟಕಿಯಾಚೆ ಹಾದುಹೋಗುವ ಕಾರುಗಳಿಂದ ಒಂದು ಬಗೆಯ ಸಂಗೀತ ಹೊರಬೀಳುತ್ತಿತ್ತು, ರೇಡಿಯೋದಲ್ಲಿ ಅದು ಇರಲಿಲ್ಲ. ಅದನ್ನು ಅವನು ರೇಡಿಯೋಗೆ ತಂದ. ಮಿಕ್ಸ್‌ಮಾಸ್ಟರ್ಸ್ ಎಂಬ ಹುಡುಗರ ಪಡೆ ಕಟ್ಟಿದ. ಡಾ. ಡ್ರೆ, ಡಿಜೆ ಯೆಲ್ಲಾ ಇಬ್ಬರೂ ಎನ್‌ಡಬ್ಲ್ಯುಎ ತಂಡಕ್ಕೆ ಮೊದಲು ಇಲ್ಲಿ ಸಂಜೆಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡವರಿಗಾಗಿ ‘ಟ್ರಾಫಿಕ್ ಜಾಮ್’ ಎಂಬ ಮಿಶ್ರಣ ತಯಾರಿಸುತ್ತಿದ್ದವರು. ಕಾಂಪ್ಟನ್‌ನ ಸ್ಕೇಟ್‌ಲ್ಯಾಂಡ್‌ನಲ್ಲಿ ಸ್ಟೇಷನ್ನಿನ ಹೆಸರಲ್ಲಿ ಕೂಟ ನಡೆಯುತ್ತಿತ್ತು. ಅಲ್ಲಿ ಕುಣಿದವರು ಮರುದಿನ ಫೋನು ಮಾಡಿ ಹಾಡು ಕೇಳುತ್ತಿದ್ದರು.

1986ರ ಆಗಸ್ಟಿನಲ್ಲಿ ಲಾಂಗ್ ಬೀಚ್‌ನಲ್ಲಿ ರನ್-ಡಿಎಂಸಿ ಎಂಬ ರ‍್ಯಾಪ್ ತಂಡದ ಕಛೇರಿ ನಡೆಯುವಾಗ ಗ್ಯಾಂಗುಗಳು ಬಡಿದಾಡಿಕೊಂಡು ಹತ್ತಾರು ಜನ ಗಾಯಗೊಂಡರು. ಪತ್ರಿಕೆಗಳು ರ‍್ಯಾಪ್‌ನ ಮೇಲೆ ಎರಗಿದವು. ಅಕ್ಟೋಬರ್ 9ರಂದು ಕೆ-ಡೇ ‘ಶಾಂತಿಯ ದಿನ’ ಎಂದು ಘೋಷಿಸಿ ರನ್-ಡಿಎಂಸಿಯನ್ನೂ ಗಾಯಕ ಬ್ಯಾರಿ ವೈಟ್‌ನನ್ನೂ ಮೈಕಿನ ಮುಂದೆ ಕೂರಿಸಿ ಫೋನುಗಳನ್ನು ತೆರೆಯಿತು. ಕರೆ ಮಾಡಿದವರಲ್ಲಿ ಗ್ಯಾಂಗಿನ ಹುಡುಗರೂ ಇದ್ದರು. ಪೊಲೀಸರ ಬಳಿ ಬಾಯಿಬಿಡದವರು ಹಾಡು ಹಾಕುವವರ ಬಳಿ ಮಾತಾಡಿದರು. ಇದರಿಂದ ಗುಂಡು ಹಾರುವುದು ನಿಂತಿತೆಂದು ಹೇಳುವಂತಿಲ್ಲ. ಆದರೆ ಆ ಬಡಾವಣೆಯ ಹುಡುಗರಿಗೆ ತಮ್ಮದೆನ್ನಿಸಿದ ಸ್ಟೇಷನ್ ಯಾವುದೆಂದು ಆ ದಿನ ಊರಿಗೇ ಗೊತ್ತಾಯಿತು.

ಇಷ್ಟು ಕೇಳುಗರಿದ್ದೂ ಹಗಲಿನಲ್ಲಿ ರ‍್ಯಾಪ್ ಹಾಕಲು ಮಿಕ್ಕ ಸ್ಟೇಷನ್ನುಗಳು ಹೆದರಿದ್ದು ಯಾಕೆ? ಉತ್ತರ ಆರ್ಬಿಟ್ರಾನ್ ಎಂಬ ಕಂಪನಿಯ ಪುಟ್ಟ ಡೈರಿಯಲ್ಲಿದೆ. ಆರಿಸಿದ ಕೆಲವು ಮನೆಗಳಿಗೆ ಡೈರಿ ಬರುತ್ತಿತ್ತು, ವಾರವಿಡೀ ಯಾವ ಸ್ಟೇಷನ್ ಎಷ್ಟು ಹೊತ್ತು ಕೇಳಿದೆವೆಂದು ಅದರಲ್ಲಿ ಬರೆದು ಅಂಚೆಗೆ ಹಾಕಬೇಕಿತ್ತು. ಅದರ ಆಧಾರದ ಮೇಲೆ ಜಾಹೀರಾತಿನ ದರ ನಿಗದಿಯಾಗುತ್ತಿತ್ತು. ಜಾಹೀರಾತುದಾರನಿಗೆ ಬೇಕಾದದ್ದು ಇಪ್ಪತ್ತೈದರಿಂದ ಐವತ್ತನಾಲ್ಕರ, ಕೈಯಲ್ಲಿ ಸಂಬಳ ಇರುವ ಜನ. ರ‍್ಯಾಪ್ ತರುತ್ತಿದ್ದದ್ದು ಕಿಸೆ ಖಾಲಿಯಿರುವ, ಅದರಲ್ಲೂ ಕರಿಯ ಮತ್ತು ಲ್ಯಾಟಿನೋ ಮಕ್ಕಳನ್ನು. ಕೇಳುಗರ ಲೆಕ್ಕದಲ್ಲಿ ಮೊದಲ ಸ್ಥಾನದಲ್ಲಿದ್ದರೂ ‘ಅರ್ಬನ್’ ಸ್ಟೇಷನ್ನುಗಳಿಗೆ ನಮ್ಮ ಜಾಹೀರಾತು ಬೇಡ ಎಂದು ಕಂಪನಿಗಳು ಏಜೆನ್ಸಿಗಳಿಗೆ ಹೇಳುವ ಚಾಳಿ ಇತ್ತು. ಹೀಗಾಗಿ ಕರಿಯರದೇ ಸ್ಟೇಷನ್ನುಗಳು ಸಹ ಕೆಲಸದ ಹೊತ್ತಿನಲ್ಲಿ ನಮ್ಮಲ್ಲಿ ರ‍್ಯಾಪ್ ಇಲ್ಲ ಎಂದು ಹೆಮ್ಮೆಯಿಂದ ಸಾರಿಕೊಂಡವು. ಈ ಸಂಗೀತಕ್ಕೆ ಅದರ ಮನೆಯವರೇ ಹಗಲಿನಲ್ಲಿ ಬಾಗಿಲು ಹಾಕಿದರು ಎಂಬುದನ್ನು ಹಿಪ್‌ಹಾಪಿನ ವಿಜಯಗಾಥೆ ಬರೆಯುವವರು ಮೆಲ್ಲಗೆ ದಾಟಿಸಿಬಿಡುತ್ತಾರೆ.

ಬಾಗಿಲು ತೆರೆದದ್ದು ಅನಿರೀಕ್ಷಿತ ಕಡೆಯಿಂದ. 1986ರ ಜನವರಿಯಲ್ಲಿ ಎಮ್ಮಿಸ್ ಕಂಪನಿ ಲಾಸ್ ಏಂಜಲೀಸ್‌ನಲ್ಲಿ ಪವರ್ 106 ಆರಂಭಿಸಿತು. ಕುಣಿತದ ಹಾಡು, ಲ್ಯಾಟಿನ್ ಫ್ರೀಸ್ಟೈಲ್, ಆರ್ ಅಂಡ್ ಬಿ, ನಡುನಡುವೆ ರ‍್ಯಾಪ್. ಕೇಳುಗರಲ್ಲಿ ಬಿಳಿಯರು, ಕರಿಯರು, ಮೆಕ್ಸಿಕನ್ ಮೂಲದವರು ಎಲ್ಲರೂ. ಇದಕ್ಕೆ ಕ್ರಾಸ್‌ಓವರ್ ಎಂದು ಹೆಸರು ಬಿದ್ದು, 1987ರಲ್ಲಿ ಬಿಲ್‌ಬೋರ್ಡ್ ಅದಕ್ಕೆಂದೇ ಒಂದು ಪಟ್ಟಿ ತೆರೆಯಿತು. ಕೇಳುಗರು ಬೆರಕೆಯಾದೊಡನೆ ಜಾಹೀರಾತುದಾರನ ಮುಜುಗರ ಇಳಿಯಿತು. ರ‍್ಯಾಪ್ ಹಗಲು ಕಂಡಿತು. 1989ರಲ್ಲಿ ಟೋನ್ ಲೋಕ್‌ನ ‘ವೈಲ್ಡ್ ಥಿಂಗ್’ ಎರಡನೇ ಸ್ಥಾನ ಮುಟ್ಟಿತು. 1990ರ ನವೆಂಬರಿನಲ್ಲಿ ಮೊದಲ ಬಾರಿ ಒಂದು ರ‍್ಯಾಪ್ ಹಾಡು ನೂರರ ಪಟ್ಟಿಯ ತುದಿಗೇರಿತು. ಅದು ವೆನಿಲಾ ಐಸ್ ಎಂಬ ಬಿಳಿಯ ಯುವಕನ ‘ಐಸ್ ಐಸ್ ಬೇಬಿ’. ರೆಕಾರ್ಡಿನ ಹಿಂಬದಿಯಲ್ಲಿ ಬಿದ್ದುಕೊಂಡಿದ್ದ ಆ ಹಾಡನ್ನು ಯಾರೋ ಡಿಜೆ ಮಗುಚಿ ಹಾಕಿದ್ದರಿಂದ ಬಂದ ಭಾಗ್ಯ. ಹದಿನೇಳು ವರ್ಷದ ಸಾಧನೆಯ ಮೊದಲ ಕಿರೀಟ ಹೋಗಿ ಕೂತದ್ದು ಆ ತಲೆಯ ಮೇಲೆ! ವಾಣಿಜ್ಯ ರೇಡಿಯೋದ ಹಾಸ್ಯಪ್ರಜ್ಞೆಗೆ ಇದಕ್ಕಿಂತ ಉದಾಹರಣೆ ಬೇಕಿಲ್ಲ.

ದಾರಿ ತೋರಿದ ಕೆ-ಡೇ ಆ ಊಟಕ್ಕೆ ಉಳಿಯಲಿಲ್ಲ. ಎಫ್‌ಎಂನ ಸ್ವಚ್ಛ ಸದ್ದಿನ ಎದುರು ಗುಡ್ಡದ ಮೇಲಿನ ಎಎಂ ಸೋತಿತು. 1991ರ ಮಾರ್ಚಿನಲ್ಲಿ ಅದನ್ನು ಕೊಂಡ ರಿಯಲ್ ಎಸ್ಟೇಟ್ ವ್ಯಾಪಾರಿ ಹಾಡು ನಿಲ್ಲಿಸಿ ವ್ಯವಹಾರ ಸುದ್ದಿ ಶುರುಮಾಡಿದ.

ಎಮ್ಮಿಸ್ ಕಂಪನಿಗೆ ನ್ಯೂಯಾರ್ಕಿನಲ್ಲೂ ಒಂದು ಸ್ಟೇಷನ್ ಇತ್ತು, ಹಾಟ್ 97. ಡ್ಯಾನ್ಸ್ ಸಂಗೀತ ಹಾಕಿ ಕೇಳುಗರು ಸಾಲದೆ ಒದ್ದಾಡುತ್ತಿದ್ದ ಅದು 1992ರಲ್ಲಿ ಫಂಕ್‌ಮಾಸ್ಟರ್ ಫ್ಲೆಕ್ಸ್‌ನನ್ನು ಕರೆಯಿತು. ಒಂದು ಕಾಲಕ್ಕೆ ಕಿಸ್ ಎಫ್‌ಎಂನ ಚಕ್ ಚಿಲ್‌ಔಟ್‌ನ ರೆಕಾರ್ಡ್ ಪೆಟ್ಟಿಗೆ ಹೊರುತ್ತಿದ್ದ ಹುಡುಗ ಇವನು. ಅವನ ಕಾರ್ಯಕ್ರಮ ಕೇಳಿದವರಿಗೆ ಗೊತ್ತು, ಅಲ್ಲಿ ಹಾಡು ನೆಟ್ಟಗೆ ಮುಗಿಯುವುದಿಲ್ಲ. ಹೊಸ ಹಾಡಿನ ಮೊದಲ ನಾಲ್ಕು ಸಾಲು ಬರುತ್ತದೆ, ಢಮ್ಮೆಂದು ಬಾಂಬಿನ ಸದ್ದು, ಫ್ಲೆಕ್ಸ್‌ನ ಕೂಗಾಟ, ರೆಕಾರ್ಡು ಕರ್ರೆಂದು ಹಿಂದಕ್ಕೆ, ಮತ್ತೆ ಮೊದಲಿನಿಂದ. ಹಾಡು ಮೆಚ್ಚಿಗೆಯಾದಷ್ಟೂ ಬಾಂಬು ಜಾಸ್ತಿ. ಬೈಗುಳದ ಪದಗಳ ಜಾಗದಲ್ಲಿ ಮಾತ್ರ ಮೌನ, ಇಲ್ಲವೇ ಅದೇ ಪದ ತಿರುಗುಮುರುಗಾಗಿ ಕೇಳುವ ಗೊರಗೊರ. ಕಾನೂನಿಗೂ ಜಾಹೀರಾತುದಾರನಿಗೂ ಸಲ್ಲಿಸಿದ ಈ ಗೌರವದಿಂದಾಗಿ ಪ್ರತಿ ಹಾಡಿಗೂ ರೇಡಿಯೋ ಪ್ರತಿ, ಬೀದಿ ಪ್ರತಿ ಎಂದು ಎರಡೆರಡು ಅವತಾರ. ತೊಂಬತ್ತರ ದಶಕದ ನಡುವಿಗೆ ಹಾಟ್ 97 ಇಡೀ ದಿನದ ಹಿಪ್‌ಹಾಪ್ ಸ್ಟೇಷನ್ ಆಗಿತ್ತು, ಬೆಳಗಿನ ಕಾಫಿಯ ಹೊತ್ತಿಗೂ ರ‍್ಯಾಪ್. ಹೊಸಬರನ್ನು ಮೊದಲು ಹುಡುಕುತ್ತಿದ್ದವರು ಇವರಲ್ಲ ಎಂದೂ ಹೇಳಬೇಕು. ಕೊಲಂಬಿಯಾ ವಿಶ್ವವಿದ್ಯಾಲಯದ ಡಬ್ಲ್ಯುಕೆಸಿಆರ್‌ನಲ್ಲಿ 1990ರಿಂದ 1998ರವರೆಗೆ ಗುರುವಾರ ರಾತ್ರಿ ಒಂದು ಗಂಟೆಯ ಮೇಲೆ ಸ್ಟ್ರೆಚ್ ಆರ್ಮ್‌ಸ್ಟ್ರಾಂಗ್ ಮತ್ತು ಬಾಬಿಟೊ ಸಂಬಳವಿಲ್ಲದೆ ಕೂತಿರುತ್ತಿದ್ದರು. ನಾಸ್, ಜೇ-ಝಿ, ವು-ಟ್ಯಾಂಗ್ ತಂಡದಂಥ ರ‍್ಯಾಪ್ ಗಾಯಕರೆಲ್ಲ ದೊಡ್ಡವರಾಗುವ ಮೊದಲು ಹಾದುಹೋದದ್ದು ಆ ಕೋಣೆಯಿಂದ. ವಾಣಿಜ್ಯ ರೇಡಿಯೋ ಅವರನ್ನು ಆಮೇಲೆ ದೇಶಕ್ಕೆ ಹಂಚಿತು.

1996ರ ಫೆಬ್ರುವರಿಯಲ್ಲಿ ಅಧ್ಯಕ್ಷ ಕ್ಲಿಂಟನ್ ದೂರಸಂಪರ್ಕ ಕಾಯ್ದೆಗೆ ಸಹಿ ಹಾಕಿದರು. ಒಂದು ಕಂಪನಿ ದೇಶದಲ್ಲಿ ಇಷ್ಟೇ ಸ್ಟೇಷನ್ ಇಟ್ಟುಕೊಳ್ಳಬೇಕೆಂಬ ಮಿತಿ ಹೋಯಿತು. ಕ್ಲಿಯರ್ ಚಾನೆಲ್ ಎಂಬ ಕಂಪನಿ ಕೆಲವೇ ವರ್ಷಗಳಲ್ಲಿ ಸುಮಾರು 1,200 ಸ್ಟೇಷನ್ ನುಂಗಿತು. ಯಾವ ಊರಿನಲ್ಲಿ ಯಾವ ಹಾಡು ಎಂಬುದನ್ನು ಆ ಊರಿನ ಡಿಜೆಯ ಬದಲು ದೂರದ ಆಫೀಸು ತೀರ್ಮಾನಿಸತೊಡಗಿತು. ಹಿಪ್‌ಹಾಪ್ ಎಲ್ಲೆಡೆ ಕೇಳತೊಡಗಿದ ಕಾಲವೂ ಅದೇ, ಎಲ್ಲೆಡೆ ಅದೇ ಇಪ್ಪತ್ತು ಮೂವತ್ತು ಹಾಡು ಕೇಳತೊಡಗಿದ ಕಾಲವೂ ಅದೇ. ಊರಿನ ಹುಡುಗ ಕ್ಯಾಸೆಟ್ಟು ಹಿಡಿದು ಸ್ಟೇಷನ್ನಿನ ಬಾಗಿಲಲ್ಲಿ ಕಾದು ಡಿಜೆಯ ಕೈಗೆ ತುರುಕುವ ದಾರಿ ಮುಚ್ಚಿತು. 2001ರ ಅಕ್ಟೋಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಕೆಎಂಇಎಲ್, ಊರಿನ ಜನಪರ ವಿಷಯಗಳ ದನಿಯಾಗಿದ್ದ ಡೇವಿ ಡಿಯನ್ನು ಮನೆಗೆ ಕಳಿಸಿದಾಗ ಕೇಳುಗರು ಬೀದಿಗಿಳಿದು ಪ್ರತಿಭಟಿಸಿದರು. ಲೆಕ್ಕ ಬದಲಾಗಲಿಲ್ಲ.

ಹಿಪ್‌ಹಾಪನ್ನು ವಾಣಿಜ್ಯ ರೇಡಿಯೋ ಬೆಳೆಸಿತೇ ಎಂದು ಕೇಳಿದರೆ ನನ್ನ ಉತ್ತರ ಹೌದು. ಅದರ ಮೇಲಿನ ಅಕ್ಕರೆಯಿಂದ ಬೆಳೆಸಿತೇ ಎಂದರೆ, ಅಕ್ಕರೆ ಇದ್ದದ್ದು ರಾತ್ರಿಪಾಳಿಯ ನಾಲ್ಕೈದು ಮಂದಿಗೆ ಮಾತ್ರ. ಮಾಲೀಕರಿಗೆ ಬೇಕಿದ್ದದ್ದು ಕಿವಿಗಳು. ಮಿಸ್ಟರ್ ಮ್ಯಾಜಿಕ್ 2009ರಲ್ಲಿ ತೀರಿಕೊಂಡ, ಆಗ ಅವನಿಗೆ 53. ಕೆ-ಡೇ ಎಂಬ ಹೆಸರು 2004ರಲ್ಲಿ ಲಾಸ್ ಏಂಜಲೀಸ್‌ಗೆ ಮರಳಿತು, ಈ ಬಾರಿ ಎಫ್‌ಎಂನಲ್ಲಿ, 93.5ರಲ್ಲಿ. ಹಾಕುವುದು ಹೆಚ್ಚಾಗಿ ಎಂಬತ್ತು ತೊಂಬತ್ತರ ದಶಕದ ರ‍್ಯಾಪ್. ಅಂದು ಟೇಪಿನ ಮುಂದೆ ಮಂಡಿಯೂರಿದ್ದ ಮಕ್ಕಳೆಲ್ಲ ಈಗ ಸಂಬಳದವರು, ಮನೆ ಕಾರು ಉಳ್ಳವರು. ಜಾಹೀರಾತುದಾರರಿಗೆ ಈಗ ಅವರು ಬೇಕಾಗಿದ್ದಾರೆ.